ನಾವು ಎಳೆದುಕೊಂಡ ಆಮ್ಲಜನಕ ಎಲ್ಲಿ ಹೋಗುತ್ತದೆ?



ಕೆಲವು ವರ್ಷಗಳ ಹಿಂದೆ ವಿಜ್ಞಾನ ಕಾರ್ಯಕ್ರಮವೊಂದರ ಚಿತ್ರೀಕರಣ ಮುಗಿದು ಎಲ್ಲರೂ ಸ್ಟುಡಿಯೋದಿಂದ ಹೊರಡುತ್ತಿದ್ದೆವು. ಪ್ರೇಕ್ಷಕರ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಹತ್ತಿರ ಬಂದು, “ಸಾರ್, ನಾವು ಒಳಗೆಳೆದುಕೊಂಡ ಆಮ್ಲಜನಕ ಕೊನೆಗೆ ಏನಾಗುತ್ತೆ?” ಎಂದು ಕೇಳಿದಳು. ನಾನು ಬಿ.ಎಸ್ಸಿ. ಓದಿದವನು. ಹಿಂದುಮುಂದು ನೋಡದೆ, “ಇಂಗಾಲದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಆಗಿ ಹೊರಗೆ ಬರುತ್ತಮ್ಮ” ಎಂದೆ. ಅವಳು ತಲೆಯಾಡಿಸಿ ಹೋದಳು. ರಾತ್ರಿ ಪುಸ್ತಕ ತೆರೆದಾಗ ನಾನು ಹೇಳಿದ್ದು ತಪ್ಪೆಂದು ತಿಳಿಯಿತು. ಅವಳ ಹೆಸರನ್ನೂ ನಾನು ಕೇಳಿರಲಿಲ್ಲ. ಆದ್ದರಿಂದ ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಇಂದು ನಿಮಗೆ ಹೇಳುತ್ತೇನೆ.

ನೀವು ಉಂಡ ಮುದ್ದೆಯ ಅಥವಾ ಅನ್ನದ ಪಿಷ್ಟ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ರಕ್ತದೊಡನೆ ಹರಿದು ಜೀವಕೋಶಗಳನ್ನು ಸೇರುತ್ತದೆ. 180 ಗ್ರಾಂ ಗ್ಲೂಕೋಸನ್ನು ಬೆಂಕಿಯಲ್ಲಿ ಉರಿಸಿದರೆ ಸುಮಾರು 670 ಕಿಲೋಕ್ಯಾಲರಿ ಶಾಖ ಹೊರಬೀಳುತ್ತದೆ. ಅಷ್ಟು ಶಕ್ತಿ ಒಮ್ಮೆಲೇ ಬಿಡುಗಡೆಯಾದರೆ ಜೀವಕೋಶ ಬೆಂದುಹೋದೀತು. ಬಸ್ಸಿನಲ್ಲಿ ಹತ್ತು ರೂಪಾಯಿ ಟಿಕೆಟಿಗೆ ಐನೂರರ ನೋಟು ಚಾಚಿದರೆ ಕಂಡಕ್ಟರ್ ಗೊಣಗುತ್ತಾರಲ್ಲವೇ? ಜೀವಕೋಶಕ್ಕೂ ಬೇಕಾದದ್ದು ಚಿಲ್ಲರೆ. ಆ ಚಿಲ್ಲರೆಯ ಹೆಸರು ಅಡೆನೊಸಿನ್ ಟ್ರೈಫಾಸ್ಫೇಟ್, ಚಿಕ್ಕದಾಗಿ ಎಟಿಪಿ.

1929ರಲ್ಲಿ ಇದನ್ನು ಜರ್ಮನಿಯಲ್ಲಿ ಕಾರ್ಲ್ ಲೋಹ್ಮನ್ ಪತ್ತೆಹಚ್ಚಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆಯವರ ಜೊತೆ ಸ್ವತಂತ್ರವಾಗಿ ಕಂಡುಹಿಡಿದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯಕೀಯ ಓದಿದ ಯಲ್ಲಾಪ್ರಗಡ ಸುಬ್ಬರಾವ್. ಅವರ ಹೆಸರು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈಗ ನೋಟು ಚಿಲ್ಲರೆಯಾಗುವ ಬಗೆಯನ್ನು ನೋಡೋಣ. ಮೊದಲ ಹಂತ ಜೀವಕೋಶದ ದ್ರವದಲ್ಲೇ ನಡೆಯುತ್ತದೆ. ಒಂದು ಗ್ಲೂಕೋಸ್ ಅಣು ಒಡೆದು ಎರಡು ಪೈರುವಿಕ್ ಆಮ್ಲದ ಅಣುಗಳಾಗುತ್ತದೆ. ನಿವ್ವಳ ಗಳಿಕೆ ಬರೀ ಎರಡು ಎಟಿಪಿ. ಅನಂತರ ಪೈರುವಿಕ್ ಆಮ್ಲ ಮೈಟೋಕಾಂಡ್ರಿಯದೊಳಗೆ ಹೋಗುತ್ತದೆ. ಅಲ್ಲಿ, 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರ ಮುಗಿಯುವಷ್ಟರಲ್ಲಿ ಗ್ಲೂಕೋಸಿನ ಆರೂ ಇಂಗಾಲಗಳು ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗಿರುತ್ತವೆ. ಇನ್ನೆರಡು ಎಟಿಪಿ ಸಿಗುತ್ತವೆ. ಇಲ್ಲೊಂದು ಮಾತನ್ನು ಗಮನಿಸಿ. ಇಂಗಾಲದ ಡೈಆಕ್ಸೈಡ್ ಹುಟ್ಟಿದ್ದಾಯಿತು, ಆದರೆ ನೀವು ಉಸಿರಾಡಿದ ಆಮ್ಲಜನಕ ಇನ್ನೂ ರಂಗಕ್ಕೇ ಬಂದಿಲ್ಲ! ಹೊರಟ ಆ ಅನಿಲದಲ್ಲಿರುವ ಆಮ್ಲಜನಕ ಆಹಾರದಿಂದ ಮತ್ತು ಜೀವಕೋಶದ ನೀರಿನಿಂದ ಬಂದದ್ದು.

ಗ್ಲೂಕೋಸಿನಿಂದ ಕಿತ್ತ ಎಲೆಕ್ಟ್ರಾನುಗಳು ಈಗ ಮೈಟೋಕಾಂಡ್ರಿಯದ ಒಳಪೊರೆಯಲ್ಲಿ ಮೆಟ್ಟಿಲಿಳಿದಂತೆ ಒಂದು ಪ್ರೋಟೀನಿನಿಂದ ಮತ್ತೊಂದಕ್ಕೆ ಇಳಿಯುತ್ತವೆ. ಪ್ರತಿ ಮೆಟ್ಟಿಲಿನಲ್ಲೂ ಅಷ್ಟಷ್ಟು ಶಕ್ತಿ ಹೊರಬರುತ್ತದೆ. ಆ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಆಚೆ ಬದಿಗೆ ತಳ್ಳಲ್ಪಡುತ್ತವೆ. ಲಿಂಗನಮಕ್ಕಿಯ ಹಿಂದೆ ಶರಾವತಿಯ ನೀರು ನಿಂತಂತೆ ಅವು ಅಲ್ಲಿ ಒತ್ತಾಗಿ ಸೇರುತ್ತವೆ. ಮರಳಿ ಒಳಗೆ ಹರಿಯುವಾಗ ಪೊರೆಯಲ್ಲಿರುವ ಕಿಣ್ವವೊಂದನ್ನು ಟರ್ಬೈನಿನಂತೆ ತಿರುಗಿಸುತ್ತವೆ, ಎಟಿಪಿ ತಯಾರಾಗುತ್ತದೆ. 1961ರಲ್ಲಿ ಪೀಟರ್ ಮಿಚೆಲ್ ಈ ವಿಚಾರವನ್ನು ಮುಂದಿಟ್ಟಾಗ ಹಲವು ವಿಜ್ಞಾನಿಗಳು ಒಪ್ಪಲಿಲ್ಲ. 1978ರಲ್ಲಿ ಅದಕ್ಕೇ ನೊಬೆಲ್ ಬಹುಮಾನ ಬಂತು. ಒಂದು ಗ್ಲೂಕೋಸಿನಿಂದ ಒಟ್ಟು 36 ಅಥವಾ 38 ಎಟಿಪಿ ಎಂದು ಹಳೆಯ ಪುಸ್ತಕಗಳಲ್ಲಿ ಓದಿರುತ್ತೀರಿ. ಈಗಿನ ಲೆಕ್ಕದಲ್ಲಿ ಅದು ಸುಮಾರು 30ರಿಂದ 32.

ಇಳಿದು ಬಂದ ಎಲೆಕ್ಟ್ರಾನುಗಳನ್ನು ಕೊನೆಯ ಮೆಟ್ಟಿಲಲ್ಲಿ ಯಾರಾದರೂ ತೆಗೆದುಕೊಳ್ಳಬೇಕಲ್ಲ? ಅದೇ ಆಮ್ಲಜನಕದ ಕೆಲಸ. ಅದು ಎಲೆಕ್ಟ್ರಾನುಗಳನ್ನೂ ಪ್ರೋಟಾನುಗಳನ್ನೂ ಸೇರಿಸಿಕೊಂಡು ನೀರಾಗುತ್ತದೆ. ಹೌದು, ನೀವು ಎಳೆದುಕೊಂಡ ಆಮ್ಲಜನಕ ನಿಮ್ಮೊಳಗೆ ನೀರಾಗುತ್ತದೆ. 180 ಗ್ರಾಂ ಗ್ಲೂಕೋಸಿಗೆ 192 ಗ್ರಾಂ ಆಮ್ಲಜನಕ ಬೇಕು. ಕೊನೆಗೆ 108 ಗ್ರಾಂ ನೀರು ಲಾಭ. ಸಮೀಕರಣ ಬರೆದು ನೀವೇ ತಾಳೆ ನೋಡಿ. ಉತ್ತರ ಅಮೆರಿಕದ ಮರುಭೂಮಿಯ ಕಾಂಗರೂ ಇಲಿ ನೀರು ಕುಡಿಯದೆ, ಒಣ ಬೀಜ ತಿಂದುಕೊಂಡೇ ಬದುಕಬಲ್ಲದು. ಅದಕ್ಕೆ ಬೇಕಾದ ನೀರಿನ ಬಹುಪಾಲು ಹೀಗೆ ದೇಹದಲ್ಲೇ ಹುಟ್ಟಿದ್ದು.

ಈ ಕೊನೆಯ ಮೆಟ್ಟಿಲು ಎಷ್ಟು ಮುಖ್ಯ ಗೊತ್ತೇ? ಸಯನೈಡ್ ವಿಷ ತಡೆಯುವುದು ಇದನ್ನೇ. ಶ್ವಾಸಕೋಶಕ್ಕೆ ಗಾಳಿ ಬರುತ್ತಿರುತ್ತದೆ, ರಕ್ತದಲ್ಲಿ ಆಮ್ಲಜನಕ ತುಂಬಿರುತ್ತದೆ; ಆದರೂ ಜೀವಕೋಶ ಅದನ್ನು ಬಳಸಲಾರದು. ಕೆಳಗಿನ ಮೆಟ್ಟಿಲಲ್ಲಿ ದಾರಿ ಕಟ್ಟಿದರೆ ಮೇಲಿನವರೆಲ್ಲ ನಿಂತಲ್ಲೇ ನಿಲ್ಲುತ್ತಾರೆ. ದೇಹದಲ್ಲಿ ಒಂದು ಕ್ಷಣಕ್ಕೆ ಇರುವ ಎಟಿಪಿ ಕಾಲು ಕಿಲೋ ಕೂಡ ದಾಟದು. ಅದೇ ಚಿಲ್ಲರೆ ದಿನಕ್ಕೆ ನೂರಾರು ಸಲ ಕೈಯಿಂದ ಕೈಗೆ ತಿರುಗುತ್ತಿರಬೇಕು. ತಿರುಗುವುದು ನಿಂತರೆ ಕೆಲವೇ ನಿಮಿಷಗಳಲ್ಲಿ ಮೆದುಳು ಸೋಲುತ್ತದೆ.

ಆದ್ದರಿಂದ ಪರೀಕ್ಷೆಯಲ್ಲಿ ‘ಉಸಿರಾಟ ಎಂದರೆ ಗಾಳಿಯನ್ನು ಒಳಗೆಳೆದು ಹೊರಬಿಡುವುದು’ ಎಂದಷ್ಟೇ ಬರೆದು ಮುಂದಕ್ಕೆ ಹೋಗಬೇಡಿ. ಅದು ಬಾಗಿಲ ಬಳಿಯ ಕೆಲಸ. ನಿಜವಾದ ಉಸಿರಾಟ ನಡೆಯುವುದು ಜೀವಕೋಶದ ಒಳಮನೆಯಲ್ಲಿ. ಅಂದು ನನ್ನನ್ನು ಪ್ರಶ್ನೆ ಕೇಳಿದ ಹುಡುಗಿ ಇದನ್ನು ಓದುತ್ತಿದ್ದರೆ, ತಡವಾದ ಉತ್ತರಕ್ಕೆ ಕ್ಷಮೆಯಿರಲಿ. ಉಳಿದವರಿಗೆ ಒಂದೇ ಮಾತು: ಉತ್ತರ ಹೇಳಿದವರು ಪದವೀಧರರೆಂದು ತಲೆಯಾಡಿಸಿ ಸುಮ್ಮನಾಗಬೇಡಿ. ಪುಸ್ತಕ ತೆರೆದು ನೋಡಿ.