ವೀಸಾದಲ್ಲಿ ಏನು ಬರೆದಿದೆ, ಓದಿದ್ರಾ?

ಕಾರವಾರ, ಅಂಕೋಲಾದವರಿಗೆ ಗಲ್ಫ್ ಅನ್ನೋದು ದೂರದ ಮಾತಲ್ಲ, ವೀಕ್ಷಕರೇ. 1986ರಲ್ಲಿ ಸೀಬರ್ಡ್‌ಗೆ ಶಂಕುಸ್ಥಾಪನೆ ಆಯ್ತು. ಆಮೇಲೆ ನೆಲ, ಕಡಲತೀರ ಎರಡನ್ನೂ ಬಿಟ್ಟುಕೊಟ್ಟ ಸೀಮೆ ಇದು. ಹುಡುಗರು ಹೊರದೇಶದ ಕೆಲಸ ಹುಡುಕೋದು ತಪ್ಪಾ? ಖಂಡಿತ ಅಲ್ಲ. ಆದರೆ ಏಜೆಂಟ್ ಕೈಗಿಡೋದು ವಿಸಿಟ್ ವೀಸಾ! ‘ಹೋಗು ಮಾರಾಯ, ಅಲ್ಲಿ ಬದಲಾಯಿಸಿ ಕೊಡ್ತಾರೆ’ ಅಂತಾನೆ. ಆ ವೀಸಾದಲ್ಲಿ ದುಡಿದರೆ ಅಲ್ಲಿನ ಕಾನೂನಿನ ಕಣ್ಣಲ್ಲಿ ತಪ್ಪಿತಸ್ಥ ನೀವೇ. ಸಂಬಳ ಕೊಡದಿದ್ದರೆ ಕೇಳೋದಕ್ಕೆ ಕೈಯಲ್ಲಿ ಕಾಗದವೂ ಇಲ್ಲ.

ನೋಂದಾಯಿತ ಏಜೆಂಟ್ ತಗೋಬಹುದಾದ ಸೇವಾಶುಲ್ಕ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅಷ್ಟೇ. ಲಕ್ಷ ಕೇಳಿದನಾ? ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಅವನ ಹೆಸರು ಇದೆಯಾ ನೋಡಿ.

ಇನ್ನೊಂದು ವಿಚಿತ್ರ. ಹತ್ತನೇ ಕ್ಲಾಸ್ ಪಾಸಾಗದವನ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್. 18 ದೇಶಗಳಿಗೆ ಕೆಲಸಕ್ಕೆ ಹೋಗೋದಕ್ಕೆ ಸರ್ಕಾರದ ಅನುಮತಿ, 10 ಲಕ್ಷದ ವಿಮೆ ಎರಡೂ ಬೇಕು. ಪಾಸಾದವನಿಗೆ, ನರ್ಸ್ ಕೆಲಸ ಬಿಟ್ಟರೆ, ಎರಡೂ ಕಡ್ಡಾಯವಲ್ಲ! ಎಸ್ಸೆಸ್ಸೆಲ್ಸಿ ಆದವನು ಮೋಸ ಹೋಗೋದಿಲ್ಲ ಅಂತ ದೆಹಲಿಯಲ್ಲಿ ಕೂತು ತೀರ್ಮಾನಿಸಿದವರು ಯಾರು ಸ್ವಾಮಿ? ಅಂಕೋಲಾ ಬಸ್ ಸ್ಟ್ಯಾಂಡ್‌ನಲ್ಲಿ ಬ್ಯಾಗ್ ಹಿಡಿದು ನಿಂತ ಐಟಿಐ ಹುಡುಗ ಯಾವ ಕಂಪನಿಗೆ, ಎಷ್ಟು ಸಂಬಳಕ್ಕೆ ಹೋದ ಅಂತ ಕಡ್ಡಾಯವಾಗಿ ಬರೆದಿಡೋ ಪುಸ್ತಕ ಸರ್ಕಾರದ ಹತ್ತಿರ ಇಲ್ಲ.