ವಾಟ್ ಒಂದೇ, ಸದ್ದು ಬೇರೆ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ ಗಣೇಶನ ಹಬ್ಬಕ್ಕೆ ಆರ್ಕೆಸ್ಟ್ರಾ ಕರೆಸಿದ್ದಾರೆ ಎಂದುಕೊಳ್ಳಿ. ವೇದಿಕೆಯ ಮೇಲೆ ಗಿಟಾರ್ ನುಡಿಸುವ ಇಬ್ಬರು ಹುಡುಗರಿದ್ದಾರೆ. ಇಬ್ಬರ ಹಿಂದೆಯೂ ಒಂದೊಂದು ವಾಲ್ವ್ ಆಂಪ್ಲಿಫೈಯರ್. ಎರಡರ ಬೆನ್ನಿನ ಮೇಲೂ '15 ವಾಟ್' ಎಂದೇ ಬರೆದಿದೆ. ಆದರೆ ಒಬ್ಬನ ಗಿಟಾರ್ ಕೆರೆ ಏರಿಯವರೆಗೂ ಕೇಳಿಸುತ್ತದೆ. ಇನ್ನೊಬ್ಬನದು ಪಕ್ಕದ ಡ್ರಮ್ಮಿನ ಸದ್ದಿನಲ್ಲೇ ಮುಳುಗಿಹೋಗುತ್ತದೆ. ಅಂಗಡಿಯವನು ಮೋಸ ಮಾಡಿದ ಎಂದು ಎರಡನೆಯವನು ಗೊಣಗುತ್ತಾನೆ. ಮೋಸವೇ ಆಗಿರಬೇಕೆಂದಿಲ್ಲ. ಎರಡೂ ಪ್ರಾಮಾಣಿಕವಾಗಿ 15 ವಾಟಿನವೇ ಇರಬಹುದು. ಆ ಸಂಖ್ಯೆ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದೇ ಇಂದಿನ ಮಾತು.

ವಾಟ್ ಎಂದರೆ ಒಂದು ಸೆಕೆಂಡಿಗೆ ಒಂದು ಜೂಲ್ ಶಕ್ತಿ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಆಂಪ್ಲಿಫೈಯರಿನ ಮೇಲೆ ಬರೆದಿರುವ ವಾಟ್, ಅದು ಸ್ಪೀಕರಿಗೆ ಕೊಡಬಲ್ಲ ವಿದ್ಯುತ್ತಿನ ಲೆಕ್ಕ. ಗಾಳಿಗೆ ಸೇರುವ ಸದ್ದಿನ ಲೆಕ್ಕ ಅದಲ್ಲ. ಕಿವಿಗೆ ತೋರುವ ಜೋರಿನ ಲೆಕ್ಕವಂತೂ ಅಲ್ಲವೇ ಅಲ್ಲ. ವಿದ್ಯುತ್ತು ಸದ್ದಾಗಬೇಕಾದರೆ ನಡುವೆ ಸ್ಪೀಕರ್ ಇರಬೇಕು. ಸದ್ದು ಜೋರೆನಿಸಬೇಕಾದರೆ ಕೊನೆಯಲ್ಲಿ ಕಿವಿ ಇರಬೇಕು.

ಮೊದಲು ಕಿವಿಯನ್ನೇ ನೋಡೋಣ. 10 ವಾಟ್ ಇದ್ದದ್ದು 20 ವಾಟ್ ಆದರೆ ಸದ್ದು ಎರಡರಷ್ಟು ಜೋರಾಗುತ್ತದೆಂದು ನಾವು ಲೆಕ್ಕ ಹಾಕುತ್ತೇವೆ. ಕಿವಿಯ ಲೆಕ್ಕ ಹಾಗಿಲ್ಲ. ವಾಟ್ ಎರಡರಷ್ಟಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕೇಳಿದವರು 'ಸ್ವಲ್ಪ ಏರಿಸಿದಂತಿದೆ' ಎನ್ನುತ್ತಾರೆ, ಅಷ್ಟೆ. ಎರಡರಷ್ಟು ಜೋರು ಎನ್ನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ವಾಟ್ ಹತ್ತು ಪಟ್ಟಾಗಬೇಕು. ಅಂಗಡಿಯವನು 12 ವಾಟಿನ ಪೆಟ್ಟಿಗೆಯ ಮೇಲೆ 15 ಎಂದು ಬರೆದು ಮಾರಿದ್ದಾನೆಂದೇ ಇಟ್ಟುಕೊಳ್ಳಿ. ಆಗಲೂ ವ್ಯತ್ಯಾಸ ಸುಮಾರು 1 ಡೆಸಿಬೆಲ್. ಯಾರ ಗಮನಕ್ಕೂ ಬಾರದಷ್ಟು. ಕೆರೆ ಏರಿಗೂ ಡ್ರಮ್ಮಿಗೂ ಇರುವ ಅಂತರವನ್ನು ಬೇರೆ ಕಡೆ ಹುಡುಕಬೇಕು.

ದೊಡ್ಡ ಆರೋಪಿ ಸ್ಪೀಕರ್. ಅದು ಬಹಳ ದುಂದುಗಾರ. ಅದಕ್ಕೆ ಕೊಟ್ಟ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಒಳಗಿನ ತಂತಿಯ ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಮನೆಯ ಸಾಮಾನ್ಯ ಸ್ಪೀಕರಿನಲ್ಲಿ ಸದ್ದಾಗಿ ಹೊರಬರುವುದು ನೂರಕ್ಕೆ ಒಂದು ಪಾಲು, ಕೆಲವೊಮ್ಮೆ ಅದೂ ಇಲ್ಲ. ಒಂದು ಸ್ಪೀಕರಿನ ಈ ಗುಣವನ್ನು ಅಳೆಯಲು ಅದಕ್ಕೆ 1 ವಾಟ್ ಕೊಟ್ಟು, 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆಂದು ನೋಡುತ್ತಾರೆ. ಮನೆಯ ಸ್ಟೀರಿಯೋ ಪೆಟ್ಟಿಗೆಗೆ ಅದು 85ರಿಂದ 90ರ ಆಸುಪಾಸು. ಗಿಟಾರಿಗೆಂದೇ ಮಾಡಿದ 12 ಇಂಚಿನ ಒಳ್ಳೆಯ ಸ್ಪೀಕರಿಗೆ 97ರಿಂದ 100.

ನಮ್ಮ ಹುಡುಗರ ಲೆಕ್ಕಕ್ಕೆ ಬರೋಣ. ಮೊದಲನೆಯವನ ಸ್ಪೀಕರ್ 100 ಡೆಸಿಬೆಲ್ಲಿನದು, ಎರಡನೆಯವನದು 94ರದು ಎನ್ನಿ. 15 ವಾಟ್ ಎಂದರೆ 1 ವಾಟಿಗಿಂತ ಸುಮಾರು 12 ಡೆಸಿಬೆಲ್ ಮೇಲೆ. ಹಾಗಾಗಿ ಒಂದು 112ಕ್ಕೆ ಮುಟ್ಟುತ್ತದೆ, ಇನ್ನೊಂದು 106ಕ್ಕೆ ನಿಲ್ಲುತ್ತದೆ. 6 ಡೆಸಿಬೆಲ್ ಎಂದರೆ ನಾಲ್ಕು ಪಟ್ಟು ವಾಟ್. ಎರಡನೆಯವನು ಅದೇ ಸ್ಪೀಕರನ್ನು ಇಟ್ಟುಕೊಂಡು ಗೆಳೆಯನಿಗೆ ಸಮನಾಗಬೇಕಾದರೆ 60 ವಾಟಿನ ಆಂಪ್ಲಿಫೈಯರ್ ಕೊಳ್ಳಬೇಕು! ಸ್ಪೀಕರ್ ಬದಲಿಸಿದರೆ ಖರ್ಚು ಎಷ್ಟೋ ಕಡಿಮೆ.

ಮೈಕ್ ಸೆಟ್ಟಿನವರು ಮರಕ್ಕೆ ಕಟ್ಟುವ ಕಹಳೆಯ ಗುಟ್ಟೂ ಇದೇ. ಕಹಳೆ ಹೊಸದಾಗಿ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ಒಳಗಿನ ಪುಟ್ಟ ಪೊರೆಯ ಅದುರನ್ನು ಹೊರಗಿನ ಗಾಳಿಗೆ ಚೆನ್ನಾಗಿ ದಾಟಿಸುತ್ತದೆ, ಸದ್ದನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತದೆ. ಅದರ ಅಳತೆ 105 ಡೆಸಿಬೆಲ್ಲನ್ನು ದಾಟುವುದುಂಟು. ಹಾಗಾಗಿಯೇ ಸಭಾಂಗಣದ ಬಾಗಿಲು ದಾಟದ ಅಷ್ಟೇ ವಾಟ್, ಕಹಳೆಯಲ್ಲಿ ಹೊಲ ಗದ್ದೆ ದಾಟಿ ಪಕ್ಕದ ಊರಿಗೂ ಕೇಳಿಸುತ್ತದೆ. ಮಾಧುರ್ಯ ಮಾತ್ರ ಆ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿರುತ್ತದೆ.

ಎರಡನೆಯ ಕಾರಣ, ವಾಟ್ ಅಳೆಯುವ ರೀತಿ. 1990ರ ದಶಕದಲ್ಲಿ ಟೇಪ್ ರೆಕಾರ್ಡರುಗಳ ಮೇಲೆ 'ಪಿಎಂಪಿಒ' ಎಂದು ನೂರಾರು ವಾಟಿನ ಚೀಟಿ ಅಂಟಿಸಿ ಮಾರುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಬಲ್ಲರು. ಗೋಡೆಯ ಪ್ಲಗ್ಗಿನಿಂದ 40 ವಾಟ್ ಎಳೆಯುವ ಪೆಟ್ಟಿಗೆ 1000 ವಾಟ್ ಕೊಡುವುದಾದರೂ ಎಲ್ಲಿಂದ? ಅದು ಜಾಹೀರಾತಿನ ಗಣಿತ. ಪ್ರಾಮಾಣಿಕ ತಯಾರಕರಲ್ಲೂ ಒಂದು ಭೇದವಿದೆ. ಒಬ್ಬರು ಸದ್ದು ಒಡೆಯಲು ತೊಡಗುವ ಮೊದಲೇ ಅಳತೆ ನಿಲ್ಲಿಸಿ 15 ಎಂದು ಬರೆಯುತ್ತಾರೆ. ಇನ್ನೊಬ್ಬರು ಚೆನ್ನಾಗಿ ಒಡೆಯುವವರೆಗೂ ಏರಿಸಿ 15 ಎಂದು ಬರೆಯುತ್ತಾರೆ. ದುಂಡಗಿನ ಸೈನ್ ಅಲೆಯ ನೆತ್ತಿ ಕತ್ತರಿಸಿ ಚೌಕವಾದಾಗ, ಎತ್ತರ ಅಷ್ಟೇ ಇದ್ದರೂ ಅದರಲ್ಲಿರುವ ಶಕ್ತಿ ಎರಡರಷ್ಟು. ಹಾಗಾಗಿ ಮೊದಲನೆಯವರ ಪೆಟ್ಟಿಗೆಯನ್ನು ಒತ್ತಾಯ ಮಾಡಿ ಏರಿಸಿದರೆ 25 ವಾಟಿನ ಹತ್ತಿರ ಹೋದೀತು.

ವಾಲ್ವಿನ ವಿಶೇಷ ಇರುವುದು ಇಲ್ಲಿಯೇ. ಟ್ರಾನ್ಸಿಸ್ಟರ್ ಸಾಮಾನ್ಯವಾಗಿ ಮಿತಿ ಮುಟ್ಟಿದೊಡನೆ ಅಲೆಯನ್ನು ಕತ್ತಿಯಿಂದ ಕೊಯ್ದ ಹಾಗೆ ಕೊಯ್ಯುತ್ತದೆ. ಕರ್ಕಶವಾಗುವುದರಿಂದ ನುಡಿಸುವವನು ತಾನೇ ಗುಂಡಿ ಇಳಿಸುತ್ತಾನೆ. ವಾಲ್ವ್ ನಿಧಾನವಾಗಿ ಬಾಗಿಸುತ್ತದೆ. ಆ ಒಡಕಿನಲ್ಲಿ ಒಂದು ತುಂಬು ದನಿ ಇರುತ್ತದೆ, ಗಿಟಾರ್ ಬಾರಿಸುವವರಿಗೆ ಬೇಕಾದದ್ದೂ ಅದೇ. ಹಾಗಾಗಿ ವಾಲ್ವನ್ನು ಬರೆದ ಮಿತಿಯ ಆಚೆಗೂ ನುಡಿಸುತ್ತಾರೆ. ಜೊತೆಗೆ ತಂತಿ ಮೀಟಿದ ಮೊದಲ ಏಟು ತುಸು ತಗ್ಗಿ, ಅದರ ಹಿಂದಿನ ಗುಂಗು ಮೇಲೆದ್ದು, ಸರಾಸರಿ ಸದ್ದು ಏರುತ್ತದೆ. ಇದಕ್ಕೆ ನಮ್ಮ ದೂರದರ್ಶನದ ಕಸುಬಿನಲ್ಲೇ ಉದಾಹರಣೆಯಿದೆ. ನಾಟಕದ ನಡುವೆ ಜಾಹೀರಾತು ಬಂದೊಡನೆ ನೀವು ರಿಮೋಟ್ ಹುಡುಕುತ್ತೀರಿ. ಮೀಟರಿನಲ್ಲಿ ಎರಡೂ ಮುಟ್ಟುವ ಗರಿಷ್ಠ ಗುರುತು ಒಂದೇ ಆಗಿರಬಹುದು. ಆದರೆ ನಾಟಕದಲ್ಲಿ ಪಿಸುಮಾತಿದೆ, ಮೌನವಿದೆ. ಜಾಹೀರಾತಿನಲ್ಲಿ ತಗ್ಗುಗಳನ್ನೆಲ್ಲ ತುಂಬಿ ಮಟ್ಟಮಾಡಿರುತ್ತಾರೆ. ಕಿವಿ ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುವುದು ಸರಾಸರಿಯನ್ನು.

ಈ ವಾಲ್ವುಗಳು ಎಲ್ಲೋ ದೂರದ ವಸ್ತುಗಳಲ್ಲ. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಒಂದು ಕಾಲಕ್ಕೆ ರೇಡಿಯೋ ವಾಲ್ವುಗಳನ್ನು ತಯಾರಿಸುತ್ತಿತ್ತು. ಅವುಗಳಲ್ಲಿ 'ಇಎಲ್ 84' ಎಂಬುದೂ ಒಂದು. ಇಂಗ್ಲೆಂಡಿನ ವಾಕ್ಸ್ ಕಂಪನಿಯ, ಬೀಟಲ್ಸ್ ತಂಡ ಬಳಸಿ ಹೆಸರಾದ 'ಎಸಿ 30' ಗಿಟಾರ್ ಆಂಪ್ಲಿಫೈಯರಿನಲ್ಲಿ ಇರುವುದು ಇದೇ ಜಾತಿಯ ನಾಲ್ಕು ವಾಲ್ವುಗಳು. ಅದರ ವಾಟ್ ಕೇವಲ 30. ಆದರೆ ಒಳಗೆ 12 ಇಂಚಿನ ಎರಡು ಸ್ಪೀಕರುಗಳಿವೆ. ಅದು ಜೋರಿನ ಪೆಟ್ಟಿಗೆ ಎಂದು ಹೆಸರು ಪಡೆದದ್ದು ಏಕೆಂದು ಈಗ ನೀವೇ ಊಹಿಸಬಹುದು.

ಇನ್ನೂ ಒಂದೆರಡು ಸಣ್ಣ ಕಾರಣಗಳಿವೆ. ಕಿವಿಗೆ ಎಲ್ಲ ಸ್ವರಗಳೂ ಸಮನಲ್ಲ. 2000ದಿಂದ 5000 ಹರ್ಟ್ಸ್ ನಡುವೆ ಅದು ಬಹಳ ಚುರುಕು. ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಈ ಭೇದವನ್ನು ಅಳೆದು ತೋರಿಸಿದರು. ಆ ಪಟ್ಟಿಯನ್ನು ಎತ್ತಿಕೊಡುವ ಆಂಪ್ಲಿಫೈಯರ್ ಅಷ್ಟೇ ವಾಟಿನಲ್ಲಿ ಮುಂದೆ ಬಂದು ನಿಲ್ಲುತ್ತದೆ. ಇನ್ನು ಗುಂಡಿಯ ಮೇಲಿನ ಅಂಕಿಯನ್ನು ನಂಬಲೇಬೇಡಿ. ಒಂದರ ಗುಂಡಿ 3ಕ್ಕೇ ಅಬ್ಬರಿಸುತ್ತದೆ, ಇನ್ನೊಂದರದು 7ರವರೆಗೆ ಸುಮ್ಮನಿರುತ್ತದೆ. ಕೊನೆಯಲ್ಲಿ ಎರಡೂ ಒಂದೇ ಕಡೆ ಸೇರಬಹುದು.

ಇದೆಲ್ಲ ತಿಳಿದು ಆಗಬೇಕಾದ್ದೇನು ಎನ್ನುತ್ತೀರಾ? ಆ 112 ಡೆಸಿಬೆಲ್ಲನ್ನು ಮತ್ತೊಮ್ಮೆ ನೋಡಿ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಷ್ ಹೇಳುವಂತೆ, ದಿನಕ್ಕೆ 85 ಡೆಸಿಬೆಲ್ ಎಂಟು ಗಂಟೆ ಕೇಳುವುದೇ ಮಿತಿ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಕಾಲ ಅರ್ಧವಾಗುತ್ತದೆ. 112ಕ್ಕೆ ಲೆಕ್ಕ ಹಾಕಿ: ಒಂಬತ್ತು ಸಲ ಅರ್ಧ ಮಾಡಿದರೆ ಒಂದು ನಿಮಿಷಕ್ಕೂ ಕಡಿಮೆ. 'ಬರೀ 15 ವಾಟ್' ಎಂದುಕೊಂಡು ಆ ಪೆಟ್ಟಿಗೆಯ ಮುಂದೆ ರಾತ್ರಿಯೆಲ್ಲ ನಿಲ್ಲುವವನು ಹಾಡಿನ ಜೊತೆಗೆ ಕಿವಿಯನ್ನೂ ಕೊಡುತ್ತಿರುತ್ತಾನೆ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳೂ ಮಿತಿಯನ್ನು ಹೇಳುವುದು ಡೆಸಿಬೆಲ್ಲಿನಲ್ಲಿ: ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45. ನಮ್ಮ ಪೆಟ್ಟಿಗೆ ಸಣ್ಣದು ಎಂಬ ಸಮಾಧಾನ ಅಲ್ಲಿ ನಡೆಯುವುದಿಲ್ಲ.

ನಿಮ್ಮ ಕಾಲೇಜಿನಲ್ಲಿ ಇಂಥ ಎರಡು ಆಂಪ್ಲಿಫೈಯರುಗಳಿದ್ದರೆ ಒಂದು ಪರೀಕ್ಷೆ ಮಾಡಿ. ಎರಡರ ಸ್ಪೀಕರುಗಳೂ ಒಂದೇ ಓಮಿನವು, ಅಷ್ಟು ವಾಟ್ ತಾಳುವಂಥವು ಎಂದು ಮೊದಲು ಖಚಿತ ಮಾಡಿಕೊಳ್ಳಿ. ನಂತರ ಸ್ಪೀಕರುಗಳನ್ನು ಅದಲುಬದಲು ಮಾಡಿ ಅದೇ ಗಿಟಾರನ್ನು ನುಡಿಸಿ. ಜೋರು ಸ್ಪೀಕರಿನ ಹಿಂದೆ ಹೋಯಿತೋ, ಆಂಪ್ಲಿಫೈಯರಿನ ಬಳಿಯೇ ಉಳಿಯಿತೋ ಗುರುತು ಹಾಕಿಕೊಳ್ಳಿ. ತಂತಿ ಬದಲಿಸುವಾಗ ಸ್ವಿಚ್ ಆರಿಸಿರಲಿ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಬೇಡಿ, ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟೀತು. ಪೆಟ್ಟಿಗೆಯ ಹಿಂಬದಿಯನ್ನಂತೂ ಬಿಚ್ಚಲೇಬೇಡಿ. ಒಳಗೆ 300 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಲಕಾಲ ಕಂಡೆನ್ಸರುಗಳಲ್ಲಿ ಉಳಿದಿರುತ್ತದೆ.