ಹೊಲಕ್ಕೂ ಹೊದಿಕೆ ಬೇಕು, ಒಲೆಗೂ ಕಟ್ಟಿಗೆ ಬೇಕು

(ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಉಳಿತಾಯ, ಬ್ಯಾಂಕಿನ ಕಂತು, ಇವುಗಳ ಬಗ್ಗೆ ನಾವು ವಾರ ವಾರ ಮಾತಾಡುತ್ತೇವೆ. ಇವತ್ತು ಇನ್ನೊಂದು ಉಳಿತಾಯ ಖಾತೆಯ ಬಗ್ಗೆ ಮಾತಾಡೋಣ. ಅದು ಬ್ಯಾಂಕಿನಾಗ ಇಲ್ಲ, ಹೊಲದಾಗ ಐತಿ. ಪ್ರತಿ ವರ್ಷ ಅದರಿಂದ ತೆಗೆಯುತ್ತಲೇ ಇದ್ದೇವೆ, ಜಮಾ ಮಾಡುವುದನ್ನು ಮರೆತಿದ್ದೇವೆ.

ಇಲ್ಲಿ ಮೇಜಿನ ಮೇಲೆ ಎರಡು ಗಾಜಿನ ಲೋಟ ನೀರು ಇಟ್ಟಿದ್ದೇನೆ. ಒಂದರಲ್ಲಿ ವರ್ಷ ವರ್ಷ ಟ್ರ್ಯಾಕ್ಟರ್ ಹೊಡೆದ ಹೊಲದ ಒಣ ಹೆಂಟಿ ಬಿಡುತ್ತೇನೆ. ಇನ್ನೊಂದರಲ್ಲಿ ಅದೇ ಹೊಲದ ಬದುವಿನ ಮೇಲೆ ಹುಲ್ಲಿನ ಬೇರಿನಡಿ ಸಿಕ್ಕ ಹೆಂಟಿ. ನೋಡ್ರಿ, ಮೊದಲನೆಯದು ಆಗಲೇ ಒಡೆದು ರಾಡಿಯಾಯಿತು. ಎರಡನೆಯದು ಇನ್ನೂ ಗಟ್ಟಿ ನಿಂತಿದೆ. ಮಣ್ಣು ಒಂದೇ, ಹೊಲ ಒಂದೇ. ವ್ಯತ್ಯಾಸ ಏನು? ಬದುವಿನ ಮಣ್ಣಿನಲ್ಲಿ ಬೇರು ಇದೆ, ಕೊಳೆತ ಎಲೆ ಇದೆ, ಎರೆಹುಳು ಇದೆ, ಕಣ್ಣಿಗೆ ಕಾಣದ ಜೀವಿಗಳಿವೆ. ಇವೆಲ್ಲ ಸೇರಿ ಮಣ್ಣಿನ ಕಣಗಳನ್ನು ಅಂಟು ಹಾಕಿದ ಹಾಗೆ ಹಿಡಿದುಕೊಳ್ಳುತ್ತವೆ. ಆ ಅಂಟು ಹೋದರೆ ಜೋರು ಮಳೆಗೆ ಮಣ್ಣು ಕಾಗಿಣಾ, ಮುಲ್ಲಾಮಾರಿ ಹೊಳೆ ಸೇರುತ್ತದೆ. ಉಳಿದದ್ದು ಮಳೆ ನಿಂತ ಮೇಲೆ ಹೆಪ್ಪುಗಟ್ಟುತ್ತದೆ. ಮನೆಗೆ ಹೋಗಿ ನೀವೂ ಮಾಡಿ ನೋಡಿ. ಖರ್ಚಿಲ್ಲದ ಮಣ್ಣು ಪರೀಕ್ಷೆ ಇದು.

ನಮ್ಮ ಭಾಗಕ್ಕೆ ತೊಗರಿಯ ಕಣಜ ಎಂಬ ಹೆಸರಿದೆ. 2019ರಲ್ಲಿ ಗುಲ್ಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಗುರುತು ಸಹ ಸಿಕ್ಕಿತು. ಬಹಳ ಸಂತೋಷ. ಆದರೆ 2022ರ ಹಂಗಾಮು ನೆನಪಿದೆಯಲ್ಲ? ಹೂವು, ಕಾಯಿ ಕಟ್ಟುವ ಹೊತ್ತಿಗೆ ನೆಟೆರೋಗ ಬಂದು ನಿಂತ ನಿಂತಲ್ಲೇ ತೊಗರಿ ಒಣಗಿತು. ಸರ್ಕಾರ ಪರಿಹಾರ ಕೊಡಬೇಕಾಯಿತು. ನೆಟೆರೋಗದ ಬೂಷ್ಟು ಮಣ್ಣಿನಲ್ಲೇ ಇರುತ್ತದೆ. ರೋಗ ಹತ್ತಿದ ಕೂಳೆಯಲ್ಲಿ ಎರಡು ಮೂರು ವರ್ಷ ಬದುಕಿರುತ್ತದೆ. ಅದೇ ಹೊಲದಲ್ಲಿ ವರ್ಷ ವರ್ಷ ತೊಗರಿ ಒಂದನ್ನೇ ಹಾಕಿದರೆ ಅದಕ್ಕೆ ನಾವೇ ಊಟ ಬಡಿಸಿದ ಹಾಗೆ. ನಡುವೆ ಜೋಳ ಹಾಕಿದರೆ, ಇಲ್ಲವೇ ತೊಗರಿಯ ಜೊತೆ ಸಾಲಿನಲ್ಲಿ ಜೋಳ ಬೆಳೆದರೆ ರೋಗ ಕಡಿಮೆಯಾಗುತ್ತದೆ ಎಂದು ಸಂಶೋಧಕರು ಹೇಳಿದ್ದಾರೆ. ನಿಮ್ಮ ಅತ್ತೆಯಂದಿರು ಓದದೆ ಇದನ್ನೇ ಮಾಡುತ್ತಿದ್ದರು. ತೊಗರಿ, ಜೋಳ, ಹೆಸರು, ಬದುವಿಗೆ ಪುಂಡಿ. ನಾವು ಅದನ್ನು ಬಿಟ್ಟೆವು.

ಹಾಗಾದರೆ ಮಣ್ಣನ್ನು ಉಳಿಸಲು ಏನು ಮಾಡಬೇಕು? ಮೂರೇ ಮಾತು ಹೇಳುತ್ತೇನೆ.

ಮೊದಲನೆಯದು, ಮಳೆಗಾಲದಲ್ಲಿ ಹೊಲವನ್ನು ಬೆತ್ತಲೆ ಬಿಡಬೇಡಿ. ಹಿಂಗಾರಿ ಜೋಳ, ಕಡಲೆ ಹಾಕುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಲ ಖಾಲಿ ಬಿಟ್ಟು ಹರಗುತ್ತಾರೆ. ಮಣ್ಣು ಹೆಚ್ಚು ಕೊಚ್ಚಿ ಹೋಗುವುದು ಆಗಲೇ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ. ಅಲ್ಲಿಯದೂ ನಮ್ಮಂಥ ಕರಿ ಭೂಮಿ. 1976ರಿಂದ ಅಲ್ಲಿ ಎರಡು ಬಗೆಯ ಹೊಲಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ಹಳೆಯ ರೀತಿ, ಮಳೆಗಾಲ ಖಾಲಿ, ಹಿಂಗಾರಿ ಮಾತ್ರ. ಇನ್ನೊಂದರಲ್ಲಿ ಮಳೆಗಾಲದಿಂದಲೇ ಜೋಳ ತೊಗರಿಯಂಥ ಜೋಡಿ ಬೆಳೆ, ಏರು ಮಡಿ ಮತ್ತು ಕಾಲುವೆ, ಸುಧಾರಿತ ಬೀಜ, ಗೊಬ್ಬರ. ಸುಮಾರು 30 ವರ್ಷದ ಸರಾಸರಿ ಕೇಳಿ. ಹಳೆಯ ರೀತಿಯಲ್ಲಿ ಹೆಕ್ಟೇರಿಗೆ 1.1 ಟನ್ ಕಾಳು, ಹೊಸ ರೀತಿಯಲ್ಲಿ 5.1 ಟನ್. ಎಕರೆ ಲೆಕ್ಕದಲ್ಲಿ ನಾಲ್ಕೂವರೆ ಕ್ವಿಂಟಲ್ ಎಲ್ಲಿ, ಇಪ್ಪತ್ತು ಕ್ವಿಂಟಲ್ ಎಲ್ಲಿ! ವರ್ಷಕ್ಕೆ ಕೊಚ್ಚಿ ಹೋದ ಮಣ್ಣು ಹಳೆಯ ರೀತಿಯಲ್ಲಿ ಹೆಕ್ಟೇರಿಗೆ 6.4 ಟನ್, ಹೊಸ ರೀತಿಯಲ್ಲಿ 1.5 ಟನ್. ಬೀಜ ಗೊಬ್ಬರದ ಪಾಲೂ ಇದರಲ್ಲಿದೆ, ಸುಳ್ಳು ಹೇಳಬಾರದು. ಆದರೆ ಮಣ್ಣು ಉಳಿದದ್ದರಲ್ಲಿ ಬೆಳೆಯ ಹೊದಿಕೆಯ ಪಾಲು ದೊಡ್ಡದು. ತೊಗರಿ ಸಾಲಿನ ನಡುವೆ ಹೆಸರು, ಉದ್ದು, ಅಲಸಂದಿ ಹಾಕಿ. ಹಿಂಗಾರಿ ಹೊಲಕ್ಕೆ ಜೂನ್‌ನಲ್ಲಿ ಹೆಸರು ಹಾಕಿ ಬಿಡಿಸಿಕೊಳ್ಳಿ, ಬಳ್ಳಿಯನ್ನು ಹೊಲದಲ್ಲೇ ಬಿಡಿ. ಆಗದಿದ್ದರೆ ಸೆಣಬು ಚೆಲ್ಲಿ, ಹೂ ಬಿಡುವಾಗ ಮಣ್ಣಿಗೆ ಸೇರಿಸಿ.

ಎರಡನೆಯದು, ಭೂಮಿಯನ್ನು ಬೇಕಾದಷ್ಟೇ ಕೆದಕಿ. ಪರದೇಶಗಳಲ್ಲಿ ಉಳುಮೆ ಪೂರ್ತಿ ಬಿಟ್ಟ ರೈತರಿದ್ದಾರೆ. ಅಮೆರಿಕಾದ ಉತ್ತರ ಡಕೋಟಾದ ಗೇಬ್ ಬ್ರೌನ್ ಎಂಬ ರೈತ 1995ರಿಂದ 1998ರವರೆಗೆ ಆಲಿಕಲ್ಲು, ಬರಗಳಿಂದ ನಾಲ್ಕು ವರ್ಷ ಬೆಳೆ ಕಳೆದುಕೊಂಡ. ಗೊಬ್ಬರ ಕೊಳ್ಳಲು ದುಡ್ಡಿರಲಿಲ್ಲ. ಉಳದೆ ಬಿತ್ತಿ, ಹೊದಿಕೆ ಬೆಳೆ ಹಾಕಿ, ದನ ಮೇಯಿಸಿ ಆ ಭೂಮಿಯನ್ನು ಮತ್ತೆ ಎಬ್ಬಿಸಿದ. ಆದರೆ ಅಲ್ಲಿಯದನ್ನು ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ. ಉಳುಮೆ ಬಿಟ್ಟ ಬಹಳಷ್ಟು ಕಡೆ ಕಳೆಗೆ ಔಷಧ ಹೊಡೆಯುತ್ತಾರೆ. ಇಲ್ಲಿ ಕಳೆ ತೆಗೆಯುವವರು ನೀವು. ಕಳೆನಾಶಕ ಬಂದರೆ ನಿಮ್ಮ ಕೂಲಿ ಹೋಗುತ್ತದೆ, ಹಕ್ಕರಕಿ, ಗೋಳಿ ಪಲ್ಯವೂ ಹೋಗುತ್ತದೆ. ಔಷಧ ಬೇಡವೆಂದರೆ ಬಗ್ಗಿ ಕಳೆ ತೆಗೆಯುವ ನಿಮ್ಮ ಸೊಂಟದ ಮೇಲೆ ಭಾರ. ಅದಕ್ಕೇ ನಾನು ಉಳುಮೆಯನ್ನೇ ಬಿಡಿ ಎನ್ನುವುದಿಲ್ಲ. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು, ಮಳೆಗೆ ಉಬ್ಬಿ, ತನ್ನನ್ನು ತಾನೇ ಸ್ವಲ್ಪ ಉಳುತ್ತದೆ. ಹಿಂದಿನವರು ವರ್ಷ ವರ್ಷ ಕುಂಟೆ ಹೊಡೆಯುತ್ತಿದ್ದರು, ಆಳದ ನೇಗಿಲು ಕೆಲವು ವರ್ಷಕ್ಕೊಮ್ಮೆ. ಕರಿಕೆ ಹಬ್ಬಿದ್ದರೆ ಆಳ ಉಳಿ, ಇಲ್ಲದಿದ್ದರೆ ಕುಂಟೆ ಸಾಕು. ಎಷ್ಟೋ ಕಡೆ ಒಂದೆರಡು ಮೊಳ ಮಣ್ಣಿನ ಕೆಳಗೆ ಶಹಾಬಾದಿ ಹಾಸುಗಲ್ಲೇ ಇದೆ. ಆ ಮೇಲ್ಮಣ್ಣು ಹೋದರೆ ಉಳಿಯುವುದು ಫರ್ಸಿ ಮಾತ್ರ.

ಮೂರನೆಯದು, ಕುರಿ ತರುಬಿಸಿ. ತೊಗರಿ ರಾಶಿಯಾದ ಮೇಲೆ ಕುರುಬರ ಹಿಂಡು ಬರುತ್ತದೆ. ಹಗಲು ಉದುರಿದ ಎಲೆ, ಕಾಯಿ, ಹುಲ್ಲು ಮೇಯುತ್ತವೆ, ರಾತ್ರಿ ಹೊಲದಲ್ಲೇ ಮಲಗುತ್ತವೆ. ಹಿಕ್ಕಿ ಬೀಳುತ್ತದೆ, ಗಂಜಳ ನೇರವಾಗಿ ಮಣ್ಣಿಗೆ ಇಂಗುತ್ತದೆ. ತಿಪ್ಪೆಯಲ್ಲಿ ಗಂಜಳದ ಸತ್ವ ಆವಿಯಾಗಿ, ಸೋರಿ ಹೋಗುತ್ತದೆ, ಇಲ್ಲಿ ಹೆಚ್ಚು ಪಾಲು ಉಳಿಯುತ್ತದೆ. ಹೊತ್ತು ಹಾಕುವ ಖರ್ಚೂ ಇಲ್ಲ. ಒಂದೇ ಜಾಗದಲ್ಲಿ ಬಹಳ ದಿನ ಕೂಡಿಸದೆ ಬೇಲಿ ಸರಿಸುತ್ತಾ ಹೋಗಿ. ಹಸಿ ಎರೆಯಲ್ಲಿ ಬೇಡ, ಕಾಲು ತುಳಿತಕ್ಕೆ ಮಣ್ಣು ಬಿಗಿಯುತ್ತದೆ. ಜೋಳದ ಕೂಳೆ ಹೊಸದಾಗಿ ಚಿಗುರಿದ್ದರೆ ಮೇಯಿಸಬೇಡಿ, ಆ ಎಳೆ ಚಿಗುರಿನಲ್ಲಿ ವಿಷ ಇರುತ್ತದೆ. ಒಬ್ಬರ ಎರಡು ಎಕರೆಗೆ ಹಿಂಡು ಕರೆಯುವುದು ಕಷ್ಟ. ಸಂಘದ ಹತ್ತು ಮನೆ ಸೇರಿದರೆ ಕುರುಬರೂ ಸಂತೋಷದಿಂದ ನಿಲ್ಲುತ್ತಾರೆ, ಕೊಡುವ ಕಾಳು, ದುಡ್ಡೂ ಹಂಚಿಹೋಗುತ್ತದೆ.

ಇಷ್ಟು ಹೇಳಿದಾಗ ಒಂದು ಸಭೆಯಲ್ಲಿ ತಾಯಿಯೊಬ್ಬಳು ಎದ್ದು ನಿಂತಳು. "ಸಿಸ್ಟರ್, ಎಲ್ಲಾ ಹೊಲದಾಗೇ ಬಿಡ್ರಿ ಅಂತೀರಿ, ನನ್ನ ಒಲಿಗೆ ಏನ್ ಹಾಕ್ಲಿ? ಎಮ್ಮಿಗೆ ಏನ್ ಹಾಕ್ಲಿ?" ಎಂದಳು. ನಾನು ಸುಮ್ಮನಾದೆ. ಓದಿದ ನನಗೆ ಹೊಳೆಯದ ಪ್ರಶ್ನೆ ಅದು. ಹೊಲದ ಬಗ್ಗೆ ಮಾತಾಡುವವರು ಒಲೆಯನ್ನು ಮರೆಯುತ್ತಾರೆ. ಗ್ಯಾಸ್ ಇದ್ದರೂ ಸಿಲಿಂಡರ್ ತುಂಬಿಸಲು ದುಡ್ಡಿಲ್ಲದ ತಿಂಗಳು ತೊಗರಿ ಕಟ್ಟಿಗೆಯೇ ಗತಿ ಎಂದು ನನಗೆ ಗೊತ್ತು.

ಆವತ್ತು ಎಲ್ಲರೂ ಕೂತು ಲೆಕ್ಕ ಹಾಕಿದೆವು. ಕಟ್ಟಿಗೆ ಒಲೆಗೆ ಹೋಗಲಿ. ಎಲೆ, ಹೊಟ್ಟು, ಬೇರು ಹೊಲದಲ್ಲಿ ಉಳಿಯಲಿ. ಜೋಳದ ಕಣಿಕೆ ದನಕ್ಕೆ, ಸಗಣಿ ತಿರುಗಿ ಹೊಲಕ್ಕೆ. ಕುಳ್ಳು ಬಡಿಯುವುದು ಸ್ವಲ್ಪವಾದರೂ ಕಡಿಮೆಯಾಗಲಿ. ಬದುವಿನಲ್ಲಿ ಗ್ಲಿರಿಸಿಡಿಯಾ ನೆಟ್ಟರೆ ಸೊಪ್ಪು ಹೊಲಕ್ಕೆ, ಕಡ್ಡಿ ಒಲೆಗೆ. ಹೊಲದಲ್ಲಿ ಸುಮ್ಮನೆ ಬೆಂಕಿ ಹಚ್ಚುವುದು ಮಾತ್ರ ಬೇಡ, ಅದು ಯಾರ ಒಲೆಗೂ ಅಲ್ಲ. ಒಂದಕ್ಕೆ ಮಾತ್ರ ವಿನಾಯಿತಿ. ನೆಟೆ ಹತ್ತಿದ ಗಿಡವನ್ನು ಬೇರು ಸಮೇತ ಕಿತ್ತು ಸುಡಬೇಕು, ಅದನ್ನು ಹೊದಿಕೆ ಎಂದು ಬಿಡಬಾರದು.

ಹೆಂಗಸರ ಕೈಲಿ ಇದೆಲ್ಲಾ ಆಗುತ್ತದಾ ಎನ್ನುವವರಿಗೆ ಒಂದು ಉದಾಹರಣೆ. ಚಿಂಚೋಳಿ ಗಡಿಯಾಚೆ ತೆಲಂಗಾಣದ ಜಹೀರಾಬಾದ್ ಸುತ್ತ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ಕೆಲಸ ಮಾಡುತ್ತಾ ಬಂದಿದೆ. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ನಮ್ಮ ಮೈಸೂರಿನವರು, 2023ರಲ್ಲಿ ತೀರಿಕೊಂಡರು. ಅಲ್ಲಿಯ ಸಂಘಗಳಲ್ಲಿ ಹೆಚ್ಚಿನವರು ಬಡ ದಲಿತ ಹೆಂಗಸರು. ಯಾರಿಗೂ ಬೇಡವಾದ ಬೀಳು ಭೂಮಿಗೆ ಗೊಬ್ಬರ ಹೊತ್ತು, ಒಂದೇ ಹೊಲದಲ್ಲಿ ಜೋಳ, ಸಿರಿಧಾನ್ಯ, ತೊಗರಿ, ಕಾಳುಗಳನ್ನು ಬೆರೆಸಿ ಬೆಳೆದರು. ಬೀಜ ತಾವೇ ಉಳಿಸಿಕೊಂಡರು. 2019ರಲ್ಲಿ ಆ ಸಂಘಗಳಿಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಅವರೂ ನಿಮ್ಮ ಹಾಗೆ ವಾರಕ್ಕೊಮ್ಮೆ ಕೂತು ಮಾತಾಡಿದವರೇ.

ಕಷ್ಟ ಎಲ್ಲಿದೆ ಎಂದು ನನಗೆ ಗೊತ್ತು. ಪಹಣಿಯಲ್ಲಿ ನಿಮ್ಮ ಹೆಸರಿಲ್ಲ. ಟ್ರ್ಯಾಕ್ಟರ್ ಯಾವಾಗ, ಬೀಜ ಯಾವುದು ಎಂದು ಮನೆಯ ಗಂಡಸರು ತೀರ್ಮಾನ ಮಾಡುತ್ತಾರೆ. ಕೆಲಸ ಮಾತ್ರ ನಿಮ್ಮದು. ಜಗಳ ಬೇಡ. "ಐದು ಗುಂಟೆ ನನಗ ಬಿಡ್ರಿ, ಎರಡು ವರ್ಷ ನೋಡ್ರಿ" ಎಂದು ಕೇಳಿ. ಮಣ್ಣು ಒಂದೇ ವರ್ಷದಲ್ಲಿ ಬದಲಾಗುವುದಿಲ್ಲ. ಆದರೆ ಎರಡು ವರ್ಷದ ನಂತರ ಆ ಐದು ಗುಂಟೆಯ ಹೆಂಟಿ ಮತ್ತು ಪಕ್ಕದ ಹೊಲದ ಹೆಂಟಿ ಎರಡನ್ನೂ ಲೋಟದಲ್ಲಿ ಬಿಟ್ಟು ಗಂಡನಿಗೆ ತೋರಿಸಿ. ನಿಮ್ಮ ಮಾತಿಗಿಂತ ಆ ಲೋಟ ಚೆನ್ನಾಗಿ ಮಾತಾಡೀತು.

ಮುಂದಿನ ಸಭೆಗೆ ಈ ನಾಲ್ಕು ಕೆಲಸ ಮಾಡಿಕೊಂಡು ಬನ್ನಿ:

1. ಎರಡು ಲೋಟದ ಪರೀಕ್ಷೆಯನ್ನು ಸಂಘದಲ್ಲಿ ಮಾಡಿ ನೋಡಿ.

2. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಮನೆಯಲ್ಲಿದ್ದರೆ ತನ್ನಿ. ಅದರಲ್ಲಿ ಸಾವಯವ ಇಂಗಾಲ ಎಂಬ ಸಾಲು ನೋಡಿ. 0.5ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಖಾತೆಯಲ್ಲಿ ಜಮಾ ಕಡಿಮೆ ಎಂದರ್ಥ. ಚೀಟಿ ಇಲ್ಲದವರು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

3. ಸಂಘದ ಎಷ್ಟು ಮನೆಗಳ ಹೊಲ ಅಕ್ಕಪಕ್ಕ ಇವೆ, ಕುರಿ ತರುಬಿಸಲು ಯಾರು ಯಾರು ಸೇರುತ್ತೀರಿ, ಪಟ್ಟಿ ಮಾಡಿ.

4. ಹೆಸರು, ಉದ್ದು, ಅಲಸಂದಿ, ಪುಂಡಿ, ಯಾರ ಮನೆಯಲ್ಲಿ ಯಾವ ಬೀಜ ಇದೆ, ವಿಚಾರಿಸಿ.

ಒಲೆಯ ಪ್ರಶ್ನೆ ಕೇಳಿದ ಆ ತಾಯಿ ಮರುವಾರ ನನಗೊಂದು ಮಾತು ಹೇಳಿದಳು. "ಸಿಸ್ಟರ್, ಕಟ್ಟಿಗಿ ನಾ ತಗೊಂಡೆ, ಎಲಿ ಹೊಲಕ್ಕ ಬಿಟ್ಟೆ. ಇಬ್ಬರೂ ಪಾಲು ಮಾಡ್ಕೊಂಡೀವಿ." ಇಬ್ಬರೂ ಅಂದರೆ ಅವಳು ಮತ್ತು ಅವಳ ಹೊಲ. ನೀವೂ ನಿಮ್ಮ ಹೊಲದ ಜೊತೆ ಕೂತು ಪಾಲು ಮಾಡಿಕೊಳ್ಳಿ. ಅದರ ಪಾಲನ್ನು ಅದಕ್ಕೆ ಬಿಡಿ.